ನಾಳೆ ಬಾ

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಕಥೆ ಮುಗಿಯಿತು ಎಂಬ ಸುದ್ದಿ. ಪುಣ್ಯಕ್ಕೆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಬಾಗಿಲ ಬರಹ ಓದಿ, ಓಹೋ ಇವತ್ತಲ್ಲವೇನೋ ಎಂದು ಹಿಂತಿರುಗಿ, ಮರುದಿನ ಬಂದು, ಅದನ್ನೇ ಓದಿ ಮತ್ತೆ ಹಿಂತಿರುಗುತ್ತಿತ್ತು. ಅಷ್ಟು ಮರ್ಯಾದಸ್ಥ ದೆವ್ವವನ್ನು ಆಮೇಲೆ ನಾನು ಕಂಡದ್ದು ಒಂದೇ ಕಡೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಕಂಪ್ಯೂಟರಿನಲ್ಲಿ. ಅದರ ಹೆಸರು ವಿನ್‌ರಾರ್.

ಮೇಷ್ಟ್ರ ಮಗಳು ಅಮೆರಿಕದಿಂದ ಮೊಮ್ಮಗುವಿನ ಫೋಟೋಗಳನ್ನು ಕಂತೆ ಕಟ್ಟಿ ಕಳಿಸುತ್ತಾಳೆ. ಕಂತೆ ಬಿಚ್ಚಲು ಮೇಷ್ಟ್ರು ವಿನ್‌ರಾರ್ ತೆರೆಯುತ್ತಾರೆ. ಕೂಡಲೇ ಒಂದು ಪುಟ್ಟ ಕಿಟಕಿ ಎದ್ದು ನಿಂತು, ಇದು ಪುಕ್ಕಟೆಯದಲ್ಲ, 40 ದಿನ ಬಳಸಿ ನೋಡಿದ ಮೇಲೆ ಒಂದೋ ಲೈಸೆನ್ಸ್ ಕೊಳ್ಳಿ, ಇಲ್ಲವೇ ತೆಗೆದುಹಾಕಿ ಎಂದು ಬಿನ್ನವಿಸಿಕೊಳ್ಳುತ್ತದೆ. ಮೇಷ್ಟ್ರು ‘ಮುಂದಿನ ಮನೆ ನೋಡಪ್ಪ’ ಎನ್ನುವ ಮುಖ ಮಾಡಿ ಕಿಟಕಿ ಮುಚ್ಚುತ್ತಾರೆ. ಅದು ಹೋಗುತ್ತದೆ. ನಾಳೆ ಬರುತ್ತದೆ. ಅಯ್ಯಪ್ಪನ ಮಾಲೆ ಹಾಕಿದವರ ವ್ರತ ಕೂಡ 41 ದಿನಕ್ಕೆ ಮುಗಿಯುತ್ತದೆ. ಮೇಷ್ಟ್ರ 40 ದಿನಕ್ಕೆ ಈಗ ಹದಿನಾರನೆಯ ವರ್ಷ ನಡೆಯುತ್ತಿದೆ.

ರಷ್ಯಾದ ಯುಜೀನ್ ರೋಷಲ್ ಬರೆದ ಈ ತಂತ್ರಾಂಶ ವಿಂಡೋಸ್‌ಗೆ ಬಂದದ್ದು 1995ರಲ್ಲಿ. ಅವಧಿ ಮುಗಿದ ಮೇಲೂ ಅದು ಕೆಲಸ ನಿಲ್ಲಿಸುವುದಿಲ್ಲ, ಕೇಳುವುದನ್ನೂ ನಿಲ್ಲಿಸುವುದಿಲ್ಲ. ಕಂಪನಿಗಳು ಲೈಸೆನ್ಸ್ ಕೊಳ್ಳುತ್ತವೆ. ಅಲ್ಲಿ ಆಡಿಟರ್ ಇರುತ್ತಾನೆ. ಮನೆಗಳಲ್ಲಿ ಆತ್ಮಸಾಕ್ಷಿ ಮಾತ್ರ ಇರುವುದರಿಂದ ಯಾರೂ ಕೊಳ್ಳುವುದಿಲ್ಲ.

ಈ ದೆವ್ವದ ವಂಶಾವಳಿ ತೆಗೆದರೆ ಬಹಳ ಸಂಭಾವಿತ ಮನೆತನ. 1982ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕಡೆಯ ಆಂಡ್ರೂ ಫ್ಲೂಗೆಲ್‌ಮನ್ ಎಂಬಾತ ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಫೋನ್ ತಂತಿಯಲ್ಲಿ ಮಾತಾಡುವಂತೆ ಮಾಡುವ ಪಿಸಿ-ಟಾಕ್ ಬರೆದ. ಅಂಗಡಿಯಲ್ಲಿ ಇಡಲಿಲ್ಲ. ನಕಲು ಮಾಡಿಕೊಳ್ಳಿ, ಗೆಳೆಯರಿಗೂ ಕೊಡಿ, ಮೆಚ್ಚಿಗೆಯಾದರೆ ನನಗೆ 25 ಡಾಲರ್ ಕಳಿಸಿ ಎಂದ. ವೀಕ್ಷಕರ ಮುಂದೆ ಕೈಯೊಡ್ಡಿ ನಡೆಯುವ ಅಲ್ಲಿನ ಸಾರ್ವಜನಿಕ ಟೀವಿಯಿಂದ ಹೊಳೆದ ಉಪಾಯ ಅದು. ಅದೇ ಹೊತ್ತಿಗೆ ಐಬಿಎಂ ನೌಕರ ಜಿಮ್ ನಾಫ್ ತನ್ನ ಚರ್ಚಿನವರಿಗೆ ವಿಳಾಸದ ಚೀಟಿ ಅಚ್ಚು ಹಾಕಿಕೊಡಲು ಬರೆದುಕೊಂಡಿದ್ದ ಪಿಸಿ-ಫೈಲ್ ಅನ್ನು ಇದೇ ಕ್ರಮದಲ್ಲಿ ಹಂಚಿದ. ದುಡ್ಡು ಕಳಿಸಿದವರು ಎಷ್ಟು ಮಂದಿಯೆಂದರೆ, ಆತ ಕೊನೆಗೆ ಐಬಿಎಂ ನೌಕರಿಯನ್ನೇ ಬಿಟ್ಟ. ನಂಬಿ. ಕೊಡದೇ ಹೋದರೂ ಯಾರೂ ಗಮನಿಸದ ದುಡ್ಡನ್ನು ಜನ ಲಕೋಟೆಯಲ್ಲಿಟ್ಟು, ಅಂಚೆಚೀಟಿ ಹಚ್ಚಿ, ಡಬ್ಬಿಗೆ ಹಾಕಿ ಬಂದ ಕಾಲವೊಂದಿತ್ತು.

ಫ್ಲೂಗೆಲ್‌ಮನ್ ತನ್ನ ಪದ್ಧತಿಗೆ ‘ಫ್ರೀವೇರ್’ ಎಂದು ಹೆಸರಿಟ್ಟ. ಇಟ್ಟವನು ಅದನ್ನು ಟ್ರೇಡ್‌ಮಾರ್ಕ್ ಕೂಡ ಮಾಡಿಸಿಕೊಂಡ! ತಂತ್ರಾಂಶ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಫ್ರೀ ಎಂಬ ಮಾತನ್ನು ಮಾತ್ರ ಮುಟ್ಟುವಂತಿಲ್ಲ. ಹೀಗಾಗಿ 1983ರಲ್ಲಿ, ಮೈಕ್ರೋಸಾಫ್ಟ್ ಬಿಟ್ಟು ಬಂದು ಸಿಯಾಟಲ್‌ನಲ್ಲಿ ಪಿಸಿ-ರೈಟ್ ಬರೆದ ಬಾಬ್ ವಾಲೇಸ್ ‘ಶೇರ್‌ವೇರ್’ ಎಂದ. 75 ಡಾಲರ್ ಕೊಟ್ಟು ನೋಂದಾಯಿಸಿದರೆ, ನಿಮ್ಮ ನಕಲಿನಿಂದ ಇನ್ನೊಬ್ಬರು ನೋಂದಾಯಿಸಿದಾಗ ನಿಮಗೇ 25 ಡಾಲರ್ ಕಮಿಷನ್. ಎಲ್‌ಐಸಿ ಏಜೆಂಟರ ಸೋದರಳಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂವರೂ ನೆಚ್ಚಿಕೊಂಡದ್ದು ಬಳಸುವವನ ನಾಚಿಕೆಯನ್ನು. ಅವರು ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿರಲಿಲ್ಲ ಎಂದು ಕಾಣುತ್ತದೆ. ರುಚಿ ನೋಡಿ ಸಾರ್, ರುಚಿ ನೋಡಿ ಅಮ್ಮ ಎಂದು ಕರೆದ ಪ್ರತಿಯೊಬ್ಬನ ಗುಡ್ಡೆಯಿಂದಲೂ ಎರಡು ಕಾಯಿ ಎತ್ತಿ, ಸುಲಿದು, ತಿಂದು, ಹುಬ್ಬು ಗಂಟಿಕ್ಕಿ ಮುಂದಿನ ಗುಡ್ಡೆಗೆ ನಡೆಯುವ ಗೃಹಸ್ಥರಿದ್ದಾರೆ. ರಸ್ತೆಯ ಈ ತುದಿಯಿಂದ ಆ ತುದಿ ತಲುಪುವಷ್ಟರಲ್ಲಿ ಅವರ ರಾತ್ರಿ ಊಟ ಆಗಿರುತ್ತದೆ. ಮನೆಗೆ ಬಂದು, ಈ ವರ್ಷ ಕಾಯಿ ಅಷ್ಟು ಗಟ್ಟಿಯಿಲ್ಲ ಕಣೇ ಎನ್ನುತ್ತಾರೆ. ಬಳಸಿ ನೋಡಿ ಕೊಳ್ಳಿ ಎಂದು ಯಾರು ಹೇಳಿದರೂ ನಮಗೆ ಕೇಳಿಸುವುದು ಮೊದಲಿನ ಎರಡು ಪದ.

ವಾಲೇಸ್ ಸಿಯಾಟಲ್‌ನಲ್ಲಿ ಕೂತ ಅದೇ 1983ರಲ್ಲಿ ಅಮೆರಿಕದ ಇನ್ನೊಂದು ದಡದಲ್ಲಿ, ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ‘ಫ್ರೀ’ ತಂತ್ರಾಂಶದ ಯೋಜನೆ ಘೋಷಿಸಿದ. ಅವನ ಸಿಟ್ಟಿನ ಮೂಲ ಒಂದು ಪ್ರಿಂಟರು. ಜೆರಾಕ್ಸ್ ಕಂಪನಿ (ನಮ್ಮ ಮೂಲೆ ಅಂಗಡಿಯ ಜೆರಾಕ್ಸ್ ಅಲ್ಲ) ಅವರ ಪ್ರಯೋಗಾಲಯಕ್ಕೆ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಧರ್ಮಕ್ಕೆ ಸಿಕ್ಕದ್ದು. ಆದರೆ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶಕ್ಕೆ ಇವನೇ ಕೈಹಾಕಿ, ಕಾಗದ ಸಿಕ್ಕಿಕೊಂಡಾಗ ಕಾದು ಕೂತವರಿಗೆ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದರ ಮೂಲ ಬರಹವೇ ಕೈಗೆ ಸಿಗಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವನನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ರುಜು ಹಾಕಿದ್ದೇನೆ ಎಂದ. ಬೇರೆಯವರಾಗಿದ್ದರೆ ಎದ್ದುಹೋಗಿ ಕಾಗದ ಎಳೆದು ಸುಮ್ಮನಾಗುತ್ತಿದ್ದರು. ಸ್ಟಾಲ್‌ಮನ್ ಜನ್ಮವಿಡೀ ಜಗಳಕ್ಕೆ ನಿಂತ.

ಪಾಪ, ಅವನ ದೊಡ್ಡ ಕಷ್ಟ ಅವನ ಭಾಷೆ. ಇಂಗ್ಲಿಷಿನಲ್ಲಿ ದುಡ್ಡಿಲ್ಲದ್ದಕ್ಕೂ ಸ್ವಾತಂತ್ರ್ಯಕ್ಕೂ ಒಂದೇ ‘ಫ್ರೀ’. ನಾನು ಹೇಳುತ್ತಿರುವುದು ವಾಕ್ ಸ್ವಾತಂತ್ರ್ಯದ ಫ್ರೀ, ಬಿಟ್ಟಿ ಬಿಯರಿನ ಫ್ರೀ ಅಲ್ಲ ಎಂದು ನಾಲ್ಕು ದಶಕ ಊರೂರು ತಿರುಗಿ ಹೇಳಿದ. ಕೇಳಿದವರು ತಲೆಯಾಡಿಸಿ, ಬಿಯರ್ ಎಲ್ಲಿ ಎಂದು ಹುಡುಕಿದರು. ಕನ್ನಡದವರಿಗೆ ಈ ನೆಪವೂ ಇಲ್ಲ. ನಮ್ಮಲ್ಲಿ ಪುಕ್ಕಟೆ ಇದೆ, ಪುಗಸಟ್ಟೆ ಇದೆ, ಬಿಟ್ಟಿ ಇದೆ, ಧರ್ಮಕ್ಕೆ ಎಂಬುದೊಂದಿದೆ, ಸರ್ಕಾರಿ ಜಾಹೀರಾತಿನಲ್ಲಿ ‘ಉಚಿತ’ ಇದೆ. ಉಚಿತಕ್ಕೆ ಯೋಗ್ಯವಾದದ್ದು ಎಂಬ ಅರ್ಥವೂ ಇದೆ; ದುಡ್ಡು ಕೊಡದಿರುವುದೇ ಯೋಗ್ಯ ಎಂದು ನಿಘಂಟೇ ತೀರ್ಪು ಕೊಟ್ಟ ಮೇಲೆ ಮೇಲ್ಮನವಿಗೆ ಎಲ್ಲಿಗೆ ಹೋಗುವುದು? ಇವೆಲ್ಲದರಿಂದ ದೂರ, ಬೇರೆಯದೇ ಪಂಕ್ತಿಯಲ್ಲಿ, ‘ಮುಕ್ತ’ ಕೂತಿದೆ. ಮುಕ್ತ ತಂತ್ರಾಂಶ ಎಂದಾಗ ಮೇಷ್ಟ್ರು ಕೇಳಿದರು: “ಮುಕ್ತ ಅಂದ್ರೆ, ಅದರ ಅವಧಿ ಮುಗಿದುಹೋಗಿದ್ಯೇನಯ್ಯಾ?”

ಅವರಿಗೆ ತಿಳಿಯುವಂತೆ ಗಾದೆಯ ಮೊರೆ ಹೋದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಾವು ಆಡಿಕೊಳ್ಳುತ್ತೇವಲ್ಲ, ಆ ಮೊಳ ಹಾಕುವುದನ್ನೇ ಹಕ್ಕು ಎಂದವನು ಸ್ಟಾಲ್‌ಮನ್. ಯಾವ ಕೆಲಸಕ್ಕಾದರೂ ಉಟ್ಟುಕೋ. ಹಿತ್ತಲಿಗೇಕೆ, ಪಡಸಾಲೆಯಲ್ಲೇ ಮೊಳ ಹಾಕು, ಬೇಕಾದಂತೆ ಕತ್ತರಿಸು. ಅಂಥದೇ ಇನ್ನೊಂದು ನೇಯ್ದು ನೆರೆಯವರಿಗೂ ಕೊಡು. ನೀನು ತಿದ್ದಿ ಹೊಲಿದದ್ದನ್ನೂ ಕೊಡು. ಈ ನಾಲ್ಕು ಸ್ವಾತಂತ್ರ್ಯಗಳನ್ನು ಅವನ ಪಂಥದವರು 0, 1, 2, 3 ಎಂದು ಎಣಿಸುತ್ತಾರೆ. ಸೊನ್ನೆ ಕಂಡುಹಿಡಿದವರು ನಾವು ಎಂದು ವೇದಿಕೆ ಸಿಕ್ಕಾಗಲೆಲ್ಲ ಹೇಳುವ ದೇಶದಲ್ಲಿ ಸೊನ್ನೆಯಿಂದ ಎಣಿಸುವವರನ್ನು ಕಂಡರೆ ತಲೆ ಸರಿಯಿಲ್ಲ ಎನ್ನುತ್ತಾರೆ. ಬಳಸಿ ನೋಡಿ ಕೊಳ್ಳುವ ತಂತ್ರಾಂಶವೋ, ಬಟ್ಟೆ ಅಂಗಡಿಯ ಟ್ರಯಲ್ ರೂಮು. ಕನ್ನಡಿ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಹೊಲಿಗೆ ಬಿಚ್ಚಿ ನೋಡುವಂತಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲೂ ಬಿಚ್ಚುವಂತಿಲ್ಲ, ಅದು ಇನ್ನೊಂದು ತಮಾಷೆ.

“ಹಾಗಾದ್ರೆ ಮುಕ್ತದ್ದಕ್ಕೆ ದುಡ್ಡಿಲ್ಲ, ಅಷ್ಟೇ ತಾನೇ?” ಎಂದರು ಮೇಷ್ಟ್ರು.

“ಹಾಗೇನಿಲ್ಲ ಮೇಷ್ಟ್ರೇ. 1985ರಲ್ಲಿ ಸ್ಟಾಲ್‌ಮನ್ ತನ್ನ ಈಮ್ಯಾಕ್ಸ್ ತಂತ್ರಾಂಶವನ್ನು ಟೇಪಿಗೆ ಹಾಕಿ 150 ಡಾಲರಿಗೆ ಮಾರುತ್ತಿದ್ದ.”

“ಮಾರ್ತಿದ್ದದ್ದು ಫ್ರೀ. ಪುಕ್ಕಟೆ ಕೊಡ್ತಾ ಇರೋ ವಿನ್‌ರಾರ್ ಫ್ರೀ ಅಲ್ಲ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನಾನು ಮೂವತ್ತು ವರ್ಷ ಸಂಧಿ ಸಮಾಸ ಹೇಳಿಕೊಟ್ಟಿದ್ದೀನಿ ಕಣಯ್ಯ. ಆದೇಶ ಸಂಧಿಗಿಂತ ಕಷ್ಟ ಇದು.”

ಒಳಗಿಂದ ಅವರ ಮನೆಯವರು ಬಂದು ಬಗೆಹರಿಸಿದರು. ಅವರು ಎದುರು ಮನೆಗೆ ಹೆಪ್ಪು ಕೊಡಲು ಹೊರಟಿದ್ದರು. ಅದನ್ನು ಕಂಡಾಗ ಹೊಳೆಯಿತು, ಸ್ಟಾಲ್‌ಮನ್ 1989ರಲ್ಲಿ ಬರೆದ ಜಿಪಿಎಲ್ ಲೈಸೆನ್ಸು ಬೇರೇನಲ್ಲ, ಹೆಪ್ಪಿನ ಕಾಯಿದೆ. ನಮ್ಮಿಂದ ಒಂದು ಚಮಚ ಹೆಪ್ಪು ಒಯ್ದು ನೀನು ಒಂದು ಕೊಳಗ ಮೊಸರು ಮಾಡಿಕೋ. ಮಜ್ಜಿಗೆ ಮಾಡು, ಮಸಾಲೆ ಹಾಕು, ಲೋಟಕ್ಕಿಷ್ಟು ಎಂದು ಮಾರು, ನಮ್ಮ ತಕರಾರಿಲ್ಲ. ಆದರೆ ನಿನ್ನ ಮೊಸರು ಕೊಂಡವನು ನಾಳೆ ಹೆಪ್ಪು ಕೇಳಿದಾಗ, ಅದು ನಮ್ಮ ಮನೆತನದ ಗುಟ್ಟು ಎನ್ನಬೇಡ. ಪುಳಿಯೋಗರೆ ಗೊಜ್ಜಿನ ಅಳತೆ ಕೇಳಿದ ಸೊಸೆಗೆ ಬೇಕೆಂದೇ ಒಂದು ಸಾಮಾನು ಬಿಟ್ಟು ಹೇಳುವ ಅತ್ತೆಯಂದಿರಿದ್ದಾರೆ. ಜಿಪಿಎಲ್ ಹುಟ್ಟಿದ್ದೇ ಅಂಥವರ ವಿರುದ್ಧ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ಮರುವರ್ಷವೇ ಈ ಕಾಯಿದೆಗೆ ಬಂತು. ಅದೇ ಹೆಪ್ಪಿನ ಮೊಸರು ಈಗ ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೂ ಇದೆ.

ಇದನ್ನು ಹೇಳಿದರೆ ನಮ್ಮ ಕಂಪ್ಯೂಟರ್ ರಿಪೇರಿ ಹುಡುಗ ನಗುತ್ತಾನೆ. ಶೇರ್‌ವೇರ್ ಒಂದು ಪಂಥ, ಮುಕ್ತ ತಂತ್ರಾಂಶ ಒಂದು ಪಂಥ. ನಮ್ಮ ನಾಡಿನ ಸ್ವಂತ ಕೊಡುಗೆಯಾದ ಮೂರನೆಯ ಪಂಥಕ್ಕೆ ಅವನು ಮಠಾಧಿಪತಿ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ತಂದು, ಜೋಡಿಸಿ, “ಸಾರ್, ಎಲ್ಲಾ ಹಾಕಿಕೊಟ್ಟಿದೀನಿ” ಎನ್ನುತ್ತಾನೆ. ಆ ‘ಎಲ್ಲಾ’ದಲ್ಲಿ ಲಕ್ಷಗಟ್ಟಲೆ ಬೆಲೆಯ ತಂತ್ರಾಂಶಗಳಿರುತ್ತವೆ. ಸಿನಿಮಾ ಸಂಕಲನದ್ದು, ಕಟ್ಟಡದ ನಕ್ಷೆಯದು, ಮೂರು ಆಯಾಮದಲ್ಲಿ ಡೈನೋಸಾರ್ ಬಿಡಿಸುವುದು. ನಾನು ಕೇಳಿದ್ದು ಕನ್ನಡ ಟೈಪ್ ಮಾಡಲು ಒಂದು ಯಂತ್ರ.

“ಇದಕ್ಕೆಲ್ಲ ದುಡ್ಡು ಕೊಡಬೇಕಲ್ವೇನಪ್ಪಾ?”

“ಕ್ರ್ಯಾಕ್ ಹಾಕಿದೀನಿ ಸಾರ್. ಲೈಫ್‌ಟೈಮ್ ಫ್ರೀ.”

“ಆಂಟಿವೈರಸ್ ಏನೋ ಕಿರುಚ್ತಾ ಇದೆ?”

“ಅದನ್ನ ಆಫ್ ಮಾಡಿದ್ರೇನೇ ಸಾರ್ ಕ್ರ್ಯಾಕ್ ಕೂರೋದು. ಆಮೇಲೆ ಆನ್ ಮಾಡ್ತೀನಿ. ಅದಕ್ಕೂ ಕ್ರ್ಯಾಕ್ ಇದೆ.”

ಕಾವಲುಗಾರನನ್ನು ಮಲಗಿಸಿ ಒಳಗೆ ಬಂದವನೇ ಕಾವಲುಗಾರನನ್ನೂ ಕದ್ದು ತಂದಿದ್ದಾನೆ. ಇದೇ ಕೆಲಸಕ್ಕೆ ಮುಕ್ತ ತಂತ್ರಾಂಶ ಇದೆಯಲ್ಲಪ್ಪಾ, ಕದಿಯುವ ಕಷ್ಟವೇ ಇಲ್ಲವಲ್ಲ ಎಂದರೆ, “ಬೇಡ ಸಾರ್, ಅದು ಫ್ರೀ ಅಲ್ವಾ, ಕ್ವಾಲಿಟಿ ಇರಲ್ಲ” ಎಂದ. ಅವನ ಪ್ರಕಾರ ಬೆಲೆಯೇ ಗುಣ. ಬೆಲೆ ಕೊಡುವುದು ಮಾತ್ರ ದಡ್ಡತನ.

ಹಿಂದೊಮ್ಮೆ ಮುಕ್ತದವರು ನಮ್ಮ ಮನೆಬಾಗಿಲಿಗೇ ಬಂದಿದ್ದುಂಟು. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸಿನ ಕಂಪನಿಯವರು ಕೇಳಿದವರಿಗೆಲ್ಲ, ಅಂಚೆ ವೆಚ್ಚವನ್ನೂ ತಾವೇ ಹಾಕಿಕೊಂಡು, ಸಿಡಿ ಕಳಿಸುತ್ತಿದ್ದರು. ವಿದೇಶದಿಂದ ಏನೋ ಪಾರ್ಸೆಲ್ ಬರುತ್ತದೆ ಎಂದ ಮೇಲೆ ಕೇಳಬೇಕೇ? ನಾನೂ ಹತ್ತು ತರಿಸಿದೆ. ಎರಡನ್ನು ನೆಂಟರಿಗೆ ಕೊಟ್ಟೆ, ಒಂದನ್ನು ಕಂಪ್ಯೂಟರಿಗೆ ಹಾಕಿ ತೆಗೆದೆ. ಉಳಿದವನ್ನು ಊರಿನಲ್ಲಿ ಅಣ್ಣ ಪಪ್ಪಾಯಿ ಗಿಡಗಳ ನಡುವೆ ದಾರದಲ್ಲಿ ಕಟ್ಟಿದ. ಬಿಸಿಲಿಗೆ ಫಳಫಳ ಹೊಳೆದು ಹಕ್ಕಿಗಳನ್ನು ಒಂದಿಡೀ ಬೇಸಿಗೆ ದೂರ ಇಟ್ಟವು. ಸೊನ್ನೆಯನೆಯ ಸ್ವಾತಂತ್ರ್ಯ ಹೇಳುವುದೂ ಅದನ್ನೇ ತಾನೆ, ಯಾವ ಕೆಲಸಕ್ಕಾದರೂ ಬಳಸಬಹುದು.

ನಗುವ ಮಾತಲ್ಲದ್ದು ಒಂದಿದೆ. ಆ ದಿನಗಳಲ್ಲಿ ನಾನು ದುಡ್ಡು ಕೊಟ್ಟೇ ಕೊಂಡ ಒಂದು ಕನ್ನಡ ಡಿಟಿಪಿ ತಂತ್ರಾಂಶವಿತ್ತು. ಜೊತೆಗೊಂದು ಡಾಂಗಲ್. ಬೆಂಕಿಪೊಟ್ಟಣದಷ್ಟು ದೊಡ್ಡದು, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದರೆ ಮಾತ್ರ ಕನ್ನಡ ಮೂಡುತ್ತಿತ್ತು. ತೆಗೆದರೆ ಯಂತ್ರಕ್ಕೆ ಕನ್ನಡ ಮರೆತುಹೋಗುತ್ತಿತ್ತು. ಒಂದು ಸಂಕ್ರಾಂತಿಯ ಸುಣ್ಣ ಬಣ್ಣದ ಗಲಾಟೆಯಲ್ಲಿ ಆ ಡಾಂಗಲ್ ಕಳೆಯಿತು. ಹೊಸದು ಬೇಕಾದರೆ ಹೊಸ ತಂತ್ರಾಂಶವನ್ನೇ ಕೊಳ್ಳಬೇಕು ಎಂದರು. ಹನ್ನೊಂದು ವರ್ಷದ ನನ್ನ ಅಂಕಣಗಳು ಆ ಫಾಂಟಿನಲ್ಲಿದ್ದವು. ಯುನಿಕೋಡ್ ಬರುವ ಮುಂಚಿನ ಏರ್ಪಾಡು ಅದು: ಒಳಗಿರುವುದು ಲ್ಯಾಟಿನ್ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟು ಹೋದೊಡನೆ ವೇಷ ಕಳಚಿತು. ಒಂದೊಂದು ಸಾಲೂ ಟೋಪಿ ಹಾಕಿದ, ಮೀಸೆ ಬಿಟ್ಟ, ಬಾಲ ಬಂದ ಯೂರೋಪಿನ ಅಕ್ಷರಗಳ ಮೆರವಣಿಗೆ. ಬರೆದವನು ನಾನು, ಓದಬೇಕಾದರೆ ಇನ್ನೊಬ್ಬರ ಅಪ್ಪಣೆ. ಸ್ಟಾಲ್‌ಮನ್‌ನ ಪ್ರಿಂಟರಿನ ಸಿಟ್ಟು ನನಗೆ ಅರ್ಥವಾದದ್ದು ಆ ಸಂಕ್ರಾಂತಿಗೆ, ಎಳ್ಳು ಬೆಲ್ಲ ಬಾಯಲ್ಲಿಟ್ಟುಕೊಂಡು. ಆಮೇಲೆ ಪರಿವರ್ತಕಗಳನ್ನು ಬರೆದು ಧರ್ಮಕ್ಕೆ ಹಂಚಿದ ಕನ್ನಡದ ಹುಡುಗರಿಂದ ಮುಕ್ಕಾಲು ಪಾಲು ಬರಹ ಮರಳಿ ಬಂತು. ಅವರಿಗೆ ನಾನು ಎಷ್ಟು ಕೊಟ್ಟೆ ಎಂದು ಕೇಳಬೇಡಿ. ಮೆಚ್ಚಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆ.

ಬಿಟ್ಟಿ ಎಂಬ ಪದಕ್ಕೆ ಒಂದು ಹಳೆಯ ಅರ್ಥವಿದೆ. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿತ, ಬಿಟ್ಟಿ ಚಾಕರಿ. ಪಡೆಯುವವನಿಗೆ ಪುಕ್ಕಟೆ, ದುಡಿಯುವವನಿಗೆ ದಂಡ, ಪದ ಒಂದೇ. 2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಗಿ ಲೋಕದ ಬ್ಯಾಂಕು, ಅಂಗಡಿ, ಅಂಚೆಯೆಲ್ಲ ಬೆಚ್ಚಿದವು. ಅವರೆಲ್ಲರ ಬೀಗವೂ ಓಪನ್‌ಎಸ್‌ಎಸ್‌ಎಲ್ ಎಂಬ ಒಂದು ಮುಕ್ತ ತಂತ್ರಾಂಶದ್ದು. ಆ ಬೀಗವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಇಣುಕಿದರೆ ಒಳಗೆ ಬೆರಳೆಣಿಕೆಯ ಜನ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಕೋಟಿಗಟ್ಟಲೆ ವಹಿವಾಟಿನ ಕಂಪನಿಗಳು ಹೆಪ್ಪು ಒಯ್ದು ಮೊಸರು ಮಾರಿ ಮನೆ ಕಟ್ಟಿಸಿದ್ದವು. ಹಸುವಿಗೆ ಹುಲ್ಲು ಹಾಕುವವರು ಯಾರೆಂದು ಯಾರೂ ಕೇಳಿರಲಿಲ್ಲ. ಮುಕ್ತದವರು ಸ್ವಾತಂತ್ರ್ಯ ಎಂದು ಕೊಟ್ಟದ್ದನ್ನು ಲೋಕ ಬಿಟ್ಟಿ ಎಂದು ಪಡೆಯಿತು, ಹಳೆಯ ಅರ್ಥದಲ್ಲೇ.

ಮೇಷ್ಟ್ರ ದೆವ್ವಕ್ಕೆ ಬರೋಣ. ಅದನ್ನು ಬಿಡಿಸಲು ನಾನೇ ಒಮ್ಮೆ ಪ್ರಯತ್ನಪಟ್ಟೆ. ಇಗೊರ್ ಪಾವ್ಲೊವ್ 1999ರಲ್ಲಿ ಬಿಟ್ಟ 7-ಜಿಪ್ ಇದೆ ಮೇಷ್ಟ್ರೇ, ಅದೂ ರಷ್ಯಾದವನದೇ, ಮುಕ್ತ, ವಿನ್‌ರಾರ್ ಕಟ್ಟಿದ ಕಂತೆಯನ್ನೂ ಬಿಚ್ಚುತ್ತದೆ, ಏನೂ ಕೇಳುವುದಿಲ್ಲ ಎಂದೆ.

“ಏನೂ ಕೇಳೋದೇ ಇಲ್ವಾ?”

“ಇಲ್ಲ.”

“ಹಾಗಾದ್ರೆ ಬೇಡ. ಏನೂ ಕೇಳದೆ ಕೊಡೋನ ಹತ್ತಿರ ಏನೋ ಇರುತ್ತೆ. ಇದಾದ್ರೆ ದಿನಾ ಕೇಳುತ್ತೆ, ನಾನು ದಿನಾ ಇಲ್ಲ ಅಂತೀನಿ. ಲೆಕ್ಕ ಸ್ವಚ್ಛ.”

ಆ ಸ್ವಚ್ಛ ಲೆಕ್ಕದ ಕಾಲ ಮುಗಿಯುತ್ತ ಬಂದಿದೆ. ಈಗಿನ ಬಳಸಿ ನೋಡಿ ಕೊಳ್ಳುವ ತಂತ್ರಾಂಶಗಳು ಬಾಗಿಲಲ್ಲೇ ಕಾರ್ಡ್ ನಂಬರ್ ಕೇಳುತ್ತವೆ. ಏಳು ದಿನ ಫ್ರೀ. ಎಂಟನೆಯ ದಿನ ನಿಮಗೆ ನೆನಪಿದ್ದರೆ ನೀವು ಗೆದ್ದಿರಿ, ಮರೆತರೆ ಅವರು. ಮಗಳ ನಾಮಕರಣದ ಫೋಟೋ ಅಂದಗಾಣಿಸಲು ನಾನು ಅಂಥದೊಂದನ್ನು ಇಳಿಸಿಕೊಂಡಿದ್ದೆ. ಮಗಳು ಈಗ ಒಂದನೆಯ ತರಗತಿ. ತಿಂಗಳಿಗೆ 499 ರೂಪಾಯಿ ಹೋಗುತ್ತಿದೆ ಎಂದು ಪಾಸ್‌ಬುಕ್ಕು ನೋಡಿದ ಮನೆಯಾಕೆ ಹೇಳಿದ ಮೇಲೆ ಗೊತ್ತಾಯಿತು. ಬಿಡಿಸಿಕೊಳ್ಳಲು ಹೋದರೆ ನೆಂಟರ ಮನೆಯಿಂದ ಹೊರಟ ಹಾಗಾಯಿತು. ಹೊರಟೇಬಿಟ್ಟಿರಾ? ಕಾಫಿ ಕುಡಿದು ಹೋಗಿ. ಅರ್ಧ ಬೆಲೆಗೆ ಇರಿ. ಕಾರಣವನ್ನಾದರೂ ಹೇಳಿ. ಕೊನೆಗೆ ಎರಡು ಗುಂಡಿ: ‘ಉಳಿಯುತ್ತೇನೆ’ ಎಂಬುದು ಹಸಿರು, ದಪ್ಪ. ‘ಇಲ್ಲ, ನನಗೆ ನನ್ನ ನೆನಪುಗಳು ಬೇಡ’ ಎಂಬುದು ಬೂದು, ಭೂತಗನ್ನಡಿಯಲ್ಲಿ ಕಾಣುವಷ್ಟು. ಫ್ಲೂಗೆಲ್‌ಮನ್ ನಂಬಿದ್ದ ನಾಚಿಕೆಯನ್ನು ಇವರು ಬಿಟ್ಟಿಲ್ಲ, ಸೇವೆ ಬೇಡ ಎನ್ನುವವನ ಮುಖಕ್ಕೆ ಹಚ್ಚುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಇಂಥ 13 ಕುತಂತ್ರಗಳನ್ನು ಪಟ್ಟಿ ಮಾಡಿತು. ಚಂದಾ ಬಲೆ ಅದರಲ್ಲಿದೆ, ನಾಚಿಕೆಪಡಿಸಿ ಒಪ್ಪಿಸುವುದಿದೆ. ಪದೇ ಪದೇ ಕೇಳಿ ಪೀಡಿಸುವುದೂ ಇದೆ. ಇಷ್ಟು ವರ್ಷ ಬಾಗಿಲಲ್ಲೇ ನಿಂತು ಬೇಡಿದ ನಮ್ಮ ದೆವ್ವದಂಥವೂ ಕುತಂತ್ರಿಗಳ ಸಾಲಿನಲ್ಲಿ ನಿಲ್ಲುವ ಹಾಗಾಯಿತಲ್ಲ ಎಂದು ನನಗೆ ಬೇಜಾರೇ ಆಯಿತು.

ರಿಸರ್ವ್ ಬ್ಯಾಂಕೂ ಒಂದು ಉಪಕಾರ ಮಾಡಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಕೀಳುವವರ ವಿಷಯದಲ್ಲಿ, 24 ಗಂಟೆ ಮೊದಲೇ ಗ್ರಾಹಕನಿಗೆ ಸೂಚನೆ ಹೋಗಬೇಕೆಂಬ ನಿಯಮವನ್ನು 2021ರ ಅಕ್ಟೋಬರ್‌ನಿಂದ ಜಾರಿಗೆ ತಂದಿತು. ಇಷ್ಟು ವರ್ಷ ಆ ಸೂಚನೆ ನನಗೂ ಬರುತ್ತಲೇ ಇತ್ತು, ಸಾಲದ ಆಸೆ ತೋರಿಸುವ ಸಂದೇಶಗಳ ರಾಶಿಯಲ್ಲಿ ನಾನು ನೋಡಿರಲಿಲ್ಲ. ಮೊನ್ನೆ ರಾತ್ರಿ ಜಗಲಿಯಲ್ಲಿ ಮೇಷ್ಟ್ರ ಜೊತೆ ಕೂತಿದ್ದಾಗ ಫೋನು ಗುಂಯ್ ಎಂದಿತು. ನಾಳೆ ನಿಮ್ಮ ಖಾತೆಯಿಂದ 499 ರೂಪಾಯಿ ಕಳೆಯಲಾಗುವುದು. ಬಿಡಿಸಿಕೊಂಡೆ ಎಂದುಕೊಂಡಿದ್ದೆ, ಹಸಿರು ಗುಂಡಿಯನ್ನೇ ಒತ್ತಿದ್ದೆನೋ ಏನೋ. ಮೇಷ್ಟ್ರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು.

“ನಾವು ಬಾಗಿಲ ಮೇಲೆ ಬರೀತಿದ್ವಿ, ನಾಳೆ ಬಾ ಅಂತ. ಇದು ತಾನೇ ಬರೆದು ಕಳಿಸಿದೆಯಲ್ಲಯ್ಯ, ನಾಳೆ ಬರ್ತೀನಿ ಅಂತ.”

ಫೋನು ನನ್ನ ಕೈಗಿಟ್ಟು, ಮೊಮ್ಮಗುವಿನ ಫೋಟೋ ಬಂದಿರಬೇಕು ಎನ್ನುತ್ತ ಎದ್ದರು. ಸ್ವಲ್ಪ ಹೊತ್ತಿಗೆ ಅವರ ಕಿಟಕಿಯಿಂದ ಮೌಸಿನ ಒಂದು ಟಕ್ ಸದ್ದು ಕೇಳಿಸಿತು.